ಖೈರುನಬಿ ನಿಂತಿದ್ದ ಜಾಗ

ಬೈಲಹೊಂಗಲದ ಕಡೆ ಹತ್ತಿಯ ಸುಗ್ಗಿ ಬಂತೆಂದರೆ ಜಿನ್ನಿಂಗ್ ಮಿಲ್ಲುಗಳಿಗೆ ಕೈತುಂಬ ಕೆಲಸ. ಹತ್ತಿಯಿಂದ ಕಾಳು ಬಿಡಿಸುವ ಯಂತ್ರಗಳು ಬೆಳಗಿನಿಂದ ಸಂಜೆಯವರೆಗೆ ತಿರುಗುತ್ತಲೇ ಇರುತ್ತವೆ. ಯಂತ್ರದ ಬಾಯಿಗೆ ಹತ್ತಿ ಉಣಿಸುವವರು ಬಹುತೇಕ ಹೆಂಗಸರು. ತಲೆಗೆ ವಸ್ತ್ರ ಸುತ್ತಿಕೊಂಡು, ಬುತ್ತಿ ಹಿಡಿದು ಅವರು ಸಾಲಾಗಿ ಮಿಲ್ಲಿನ ಕಡೆ ಹೋಗುವುದನ್ನು ಊರಲ್ಲಿ ಎಲ್ಲರೂ ನೋಡಿದ್ದಾರೆ. ಒಳಗೆ ಹೇಗಿದೆ ಎಂದು ಕೇಳಿದವರು ಕಡಿಮೆ.

ರಾಚವ್ವ ಹೀಗೆ ಹನ್ನೊಂದು ಸುಗ್ಗಿ ದುಡಿದವಳು. ಅವಳು ನಿಲ್ಲುತ್ತಿದ್ದದ್ದು ಊರ ಹೊರಗಿನ ಒಂದು ಮಿಲ್ಲಿನಲ್ಲಿ, ಸಾಲಿನ ಕೊನೆಯ ಯಂತ್ರದ ಪಕ್ಕದ ಯಂತ್ರಕ್ಕೆ. ಕೊನೆಯ ಯಂತ್ರಕ್ಕೆ ನಿಲ್ಲುತ್ತಿದ್ದವಳು ಖೈರುನಬಿ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇದ್ದವಳು, ರಾಚವ್ವನ ಓಣಿಯವಳೇ. ಮಿಲ್ಲಿನೊಳಗೆ ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಕೇಳಿಸದು. ಅದಕ್ಕೆ ಇಬ್ಬರೂ ತಮ್ಮದೇ ಕೈಸನ್ನೆಯ ಮಾತು ಮಾಡಿಕೊಂಡಿದ್ದರು. ಗದ್ದಕ್ಕೆ ಎರಡು ಬೆರಳು ಮುಟ್ಟಿಸಿದರೆ ಚಹಾದ ಹೊತ್ತಾಯಿತು ಎಂದರ್ಥ. ಮೂಗು ಹಿಡಿದರೆ ಕೆಲಸ ನೋಡಿಕೊಳ್ಳುವ ಮುಕಾದಮ ಬರುತ್ತಿದ್ದಾನೆ ಎಂದು. ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಕೂತು ಖೈರುನಬಿಯ ಪುಂಡಿಪಲ್ಯ, ರಾಚವ್ವನ ಶೇಂಗಾ ಚಟ್ನಿ ಹಂಚಿಕೊಂಡು ಉಣ್ಣುತ್ತಿದ್ದರು. ಊಟಕ್ಕಿಂತ ನಗುವೇ ಹೆಚ್ಚಿರುತ್ತಿತ್ತು.

ಈಗ ಖೈರುನಬಿ ಮಿಲ್ಲು ಬಿಟ್ಟು ಎರಡು ವರ್ಷ ಆಗುತ್ತ ಬಂದಿತ್ತು. ಆದರೂ ರಾಚವ್ವನ ಕತ್ತು ದಿನಕ್ಕೆ ಹತ್ತು ಸಲ ಎಡಕ್ಕೆ ಹೊರಳುತ್ತಿತ್ತು. ಎರಡು ಬೆರಳು ಗದ್ದದವರೆಗೆ ಹೋಗಿ, ಅಲ್ಲೇ ನಿಂತು, ಕೆಳಗಿಳಿಯುತ್ತಿದ್ದವು.

ಆದದ್ದು ಇಷ್ಟು. 2001ರ ಸಂಕ್ರಾಂತಿ ಮುಗಿದ ವಾರ. ಯಂತ್ರಗಳನ್ನು ತಿರುಗಿಸುವ ದೊಡ್ಡ ಬೆಲ್ಟಿನ ಪಟ್ಟಾ ಹಿಂಬದಿಯಲ್ಲಿ ಚಕ್ರದ ಮೇಲೆ ಓಡುತ್ತಿತ್ತು. ಅದಕ್ಕೆ ಮರೆಯೂ ಇರಲಿಲ್ಲ, ತಡೆಯೂ ಇರಲಿಲ್ಲ. ಅವತ್ತು ಚಕ್ರದ ಅಚ್ಚಿಗೆ ಅರಳೆ ಸುತ್ತಿಕೊಂಡಿತ್ತು. ಅದನ್ನು ಜಗ್ಗಿ ತೆಗೆ ಎಂದು ಮುಕಾದಮ ಖೈರುನಬಿಗೆ ಸನ್ನೆ ಮಾಡಿದ. ಮಶೀನು ನಿಲ್ಲಿಸಿ ಎಂದು ಅವಳು ಅಂಗೈ ಎತ್ತಿ ತೋರಿಸಿದಳು. ಅವನು ತನ್ನ ಕೈಗಡಿಯಾರ ತೋರಿಸಿದ. ಅವಳು ಬಗ್ಗಿದಳು.

ಮೊದಲು ಸೆರಗಿನ ತುದಿ ಹೋಯಿತು. ಅದನ್ನು ಹಿಡಿಯಲು ಹೋದ ಬಲಗೈ ಆಮೇಲೆ. ರಾಚವ್ವ ಚೀರಿದ್ದು ಆ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಅವಳು ಓಡಿಹೋಗಿ ಸ್ವಿಚ್ಚು ಬಂದ್ ಮಾಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗಾಯಕ್ಕೆ ಸುತ್ತಲು ಮಿಲ್ಲಿನಲ್ಲಿ ಒಂದು ಪಟ್ಟಿ ಬಟ್ಟೆಯೂ ಇರಲಿಲ್ಲ. ರಾಚವ್ವ ತನ್ನ ತಲೆಯ ವಸ್ತ್ರವನ್ನೇ ಬಿಚ್ಚಿ ಸುತ್ತಿದಳು. ಆಸ್ಪತ್ರೆಯಲ್ಲಿ ಮಣಿಕಟ್ಟಿನ ಮೇಲಿಂದ ಕೈ ತೆಗೆಯಬೇಕಾಯಿತು.

ಮೂರನೆಯ ದಿನ ಮುಕಾದಮ ಒಂದು ಕಾಗದ ತಂದು ರಾಚವ್ವನಿಗೆ ಓದಿ ಹೇಳಿದ. ಖೈರುನಬಿ ಮಾತಿನ ಗುಂಗಿನಲ್ಲಿ ಸೆರಗು ಸಾವರಿಸಿಕೊಳ್ಳದೆ, ಯಾರೂ ಹೇಳದಿದ್ದರೂ ಪಟ್ಟಾದ ಹತ್ತಿರ ಹೋದಳು, ತಪ್ಪು ಅವಳದೇ ಎಂದು ಅದರಲ್ಲಿತ್ತು.

"ಇದರ ಮ್ಯಾಲ ಹೆಬ್ಬಟ್ಟ ಒತ್ತು. ಇಲ್ಲಂದರ ನಾಳಿಯಿಂದ ಬರಬ್ಯಾಡ," ಎಂದ.

ಆಗ ರಾಚವ್ವನ ಗಂಡ ಅಂದಾನೆಪ್ಪ ನಡು ಹಿಡಿದು ಮಲಗಿದ್ದ. ಮಾರ್ಕೆಟ್ ಯಾರ್ಡಿನಲ್ಲಿ ಚೀಲ ಹೊರುವ ಹಮಾಲ ಅವನು. ಮನೆ ನಡೆಯುತ್ತಿದ್ದದ್ದು ಅವಳ ದುಡಿಮೆಯಿಂದ. ರಾಚವ್ವ ಹೆಬ್ಬೆಟ್ಟು ಒತ್ತಿದಳು.

ಒಂದು ತಿಂಗಳ ಮೇಲೆ ಖೈರುನಬಿಯ ಅಣ್ಣ ಗೌಸಸಾಬ ಮುನವಳ್ಳಿಯಿಂದ ತನ್ನ ಟೆಂಪೋ ತಂದ. ತಂಗಿಯ ಪಾತ್ರೆ ಪಗಡೆ, ಒಂದು ಟ್ರಂಕು, ಒಂದು ಹಾಸಿಗೆ ಏರಿಸಿದ. ರಾಚವ್ವ ತನ್ನ ಮನೆಯ ಬಾಗಿಲ ಸಂದಿಯಿಂದ ನೋಡುತ್ತ ನಿಂತಳು. ಟೆಂಪೋ ಹತ್ತುವ ಮುಂಚೆ ಖೈರುನಬಿ ಈ ಬಾಗಿಲ ಕಡೆ ತಿರುಗಿ ಸ್ವಲ್ಪ ಹೊತ್ತು ನಿಂತಳು. ರಾಚವ್ವನಿಗೆ ಹೊರಗೆ ಬರಲು ಆಗಲಿಲ್ಲ.

ಮುನವಳ್ಳಿ ಏನು ದೂರವಲ್ಲ. ಬಸ್ಸು ಹತ್ತಿದರೆ ಬೆಳಗ್ಗೆ ಹೋಗಿ ಸಂಜೆಗೆ ತಿರುಗಿ ಬರಬಹುದು. ಎರಡು ವರ್ಷದಲ್ಲಿ ರಾಚವ್ವ ಬಸ್ ಸ್ಟ್ಯಾಂಡಿನವರೆಗೆ ನಾಲ್ಕು ಸಲ ಹೋಗಿದ್ದಳು. ನಾಲ್ಕೂ ಸಲ ಬಸ್ಸು ಅವಳನ್ನು ಬಿಟ್ಟು ಹೋಗಿತ್ತು.

ಹೀಗಿರುವಾಗ 2002ರ ಡಿಸೆಂಬರ್ ಬಂತು. ಮತ್ತೆ ಸುಗ್ಗಿ. ಕೊನೆಯ ಯಂತ್ರಕ್ಕೆ ಬದಲಿಯಾಗಿ ಬರುತ್ತಿದ್ದ ಹೆಂಗಸು ಈ ಸಲ ಬರುವುದಿಲ್ಲವೆಂದಳು. ಮುಕಾದಮ ರಾಚವ್ವನ ಮನೆಗೇ ಬಂದ.

"ನಿನ್ನ ಮಗಳ ಮೀನಾ ಮನ್ಯಾಗ ಅದಾಳಲ್ಲಾ? ಆ ಕಡೀ ಮಶೀನಕ್ಕ ಕಳಸು. ತಾಯಿ ಮಗಳು ಬಾಜೂಕ ಬಾಜೂಕ ನಿಂತ ದುಡೀರಿ," ಎಂದು ಹೇಳಿ ಹೋದ.

ಮೀನಾಗೆ ಹತ್ತೊಂಬತ್ತು ವರ್ಷ. ಅವ್ವನ ಜೊತೆ ದುಡಿಯಲು ಅವಳು ಸಿದ್ಧಳೇ ಇದ್ದಳು. ಅಂದಾನೆಪ್ಪನೂ ಹೂಂ ಅಂದ.

"ನಾ ಒಲ್ಲೆ," ಎಂದಳು ರಾಚವ್ವ. "ಆ ಜಾಗಾದಾಗ ನನ್ನ ಮಗಳ್ನ ನಿಲ್ಲಸಂಗಿಲ್ಲ."

"ಯಾಕ? ಊರ ಮಂದಿ ಮಕ್ಕಳೆಲ್ಲಾ ಹೋಗಾಕತ್ತಾರ," ಎಂದ ಗಂಡ.

"ಆ ಪಟ್ಟಾ ಇನ್ನೂ ಹಂಗs ಐತ್ರಿ. ಖೈರುನ ಕೈ ತಿಂದದ್ದು ಅದs."

"ಅದು ಆಕಿ ಹಣೇಬರಾ. ಹುಷಾರ ಇರಬೇಕಿತ್ತು," ಎಂದ ಅಂದಾನೆಪ್ಪ.

ರಾಚವ್ವ ಒಲೆಯ ಮುಂದೆ ಕೂತಳು. ಗಂಡನ ಆ ಮಾತು ತಾನೇ ಹೆಬ್ಬೆಟ್ಟು ಒತ್ತಿದ ಕಾಗದದ ಮಾತಾಗಿತ್ತು.

ಮರುದಿನ ರವಿವಾರ ಹೆಂಗಸರ ಸಂಘದ ಸಭೆ. ಸಭೆ ನಡೆಯುವುದು ಪದ್ಮವ್ವನ ಪಡಸಾಲೆಯಲ್ಲಿ. ಪದ್ಮವ್ವ ಧಾರವಾಡದಲ್ಲಿ ಕಾರ್ಮಿಕರ ಶಿಬಿರಕ್ಕೆ ಹೋಗಿ ಬಂದವಳು, ಓದು ಬಲ್ಲವಳು. ಅವತ್ತು ಅವಳು ಮಿಲ್ಲಿನ ಕೆಲಸದ ಮಾತು ತೆಗೆದಳು.

"ಮಶೀನ್ ತಿರಗತೈತಿ, ಪಟ್ಟಾ ಓಡತೈತಿ. ಅದಕ್ಕ ಗಟ್ಟಿ ಜಾಲರಿ ಹಾಕಸಬೇಕಾದವರು ಯಾರು?"

ರಾಚವ್ವ ತಲೆ ತಗ್ಗಿಸಿಕೊಂಡೇ ಅಂದಳು: "ಕಾಯ್ದೆ ಗೀಯ್ದೆ ಎಲ್ಲಾ ದೊಡ್ಡ ದೊಡ್ಡ ಫ್ಯಾಕ್ಟರಿಗೆ ಇರತಾವ್ರಿ ಪದ್ಮಕ್ಕಾರ. ನಮ್ಮ ಮಿಲ್ಲಿಗೆಲ್ಲಿಂದ ಬರಬೇಕು?"

"ನಿಮ್ಮಲ್ಲೆ ಎಷ್ಟ ಮಂದಿ ದುಡೀತೀರಿ?"

"ನಾಲ್ವತ್ತರ ಮ್ಯಾಲ ಅದೀವ್ರಿ."

"ಕರೆಂಟಿನ ಮ್ಯಾಲ ನಡೀತೈತಿಲ್ಲೋ? ಕರೆಂಟ್ ಇದ್ದಲ್ಲೆ ಹತ್ತ ಮಂದಿ ದುಡದರೂ ಅದು ಕಾಯ್ದೆ ಲೆಕ್ಕದಾಗ ಕಾರ್ಖಾನಿನ. ದುಡಿಯವರ ಜೀವಾ, ಆರೋಗ್ಯ ಕಾಯೂದು ಮಾಲಕರ ಹೊಣಿ. ಅದು ದಾನಾ ಧರ್ಮಾ ಅಲ್ಲವ್ವಾ, ಅವರು ಮಾಡಲೇಬೇಕು. ತಿರಗೂ ಚಕ್ರಕ್ಕ, ಪಟ್ಟಾಕ್ಕ ಜಾಲರಿ ಹಾಕಸಬೇಕು. ಹತ್ತೀ ಧೂಳ ಹೊರಗ ಹೋಗೂಹಂಗ ಮಾಡಬೇಕು. ಕುಡಿಯೂ ನೀರು ಇಡಬೇಕು, ಔಷಧದ ಪೆಟಗಿ ಇಡಬೇಕು. ಮತ್ತ ಓಡೂ ಚಕ್ರದಾಗ ಕೈ ಹಾಕಿ ಸ್ವಚ್ಛ ಮಾಡಂತ ಹೆಣ್ಣಮಕ್ಕಳಿಗೆ ಹೇಳಾಕs ಬರಂಗಿಲ್ಲ."

"ಹೇಳಾಕs ಬರಂಗಿಲ್ಲಾ?" ರಾಚವ್ವ ತಲೆ ಎತ್ತಿದಳು.

"ಬರಂಗಿಲ್ಲ. ಮೊದಲ ಮಶೀನ್ ನಿಲ್ಲಸಬೇಕು."

ಮಶೀನು ನಿಲ್ಲಿಸಿ ಎಂದು ಮೇಲೆದ್ದಿದ್ದ ಆ ಅಂಗೈ ರಾಚವ್ವನ ಕಣ್ಣ ಮುಂದೆ ಬಂತು. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನ್ಯಾಯವಾದದ್ದನ್ನೇ ಕೇಳಿದ್ದಳು ಖೈರು.

ಸಭೆ ಮುಗಿದು ಎಲ್ಲರೂ ಹೋದ ಮೇಲೆ ರಾಚವ್ವ ಒಬ್ಬಳೇ ಉಳಿದಳು. ಸೆರಗಿನ ಅಂಚು ತಿರುವುತ್ತ ಕೇಳಿದಳು: "ಪದ್ಮಕ್ಕಾರ, ದುಡಿಯಾಕೀದs ಸ್ವಲ್ಪ ತಪ್ಪಿದ್ದರ? ಲಕ್ಷ್ಯ ಇರಲಾರದ ಕೈ ಹೋಗಿದ್ದರ?"

"ಮನಶ್ಯಾರ ಕಣ್ಣು ಒಮ್ಮಿ ತಪ್ಪೇ ತಪ್ಪತೈತಿ ರಾಚವ್ವಾ. ನಿದ್ದಿಗೆಟ್ಟಿರತೀವಿ, ಮನ್ಯಾಗ ಚಿಂತಿ ಇರತೈತಿ. ಹಂಗ ತಪ್ಪಿದಾಗ ಕೈ ಉಳೀಲಿ ಅಂತನ ಜಾಲರಿ ಹಾಕಸೂದು. ಲಕ್ಷ್ಯ ಇರಲಿಲ್ಲ ಅಂದಷ್ಟಕ್ಕs ಪರಿಹಾರ ತಪ್ಪಸಾಕ ಬರಂಗಿಲ್ಲ."

ರಾಚವ್ವ ಅತ್ತಳು. ಆಮೇಲೆ ಎಲ್ಲ ಹೇಳಿದಳು, ಗಡಿಯಾರ ತೋರಿಸಿದ್ದನ್ನು, ಕಾಗದವನ್ನು, ಬಾಗಿಲ ಸಂದಿಯನ್ನು.

ಪದ್ಮವ್ವ ಬೈಯಲಿಲ್ಲ. ಬೆರಳು ಮಡಚಿ ತಿಂಗಳು ಎಣಿಸಿದಳು. "ಪರಿಹಾರದ ಅರ್ಜಿ ಎರಡ ವರ್ಷದ ಒಳಗ ಕೊಡಬೇಕು. ಇನ್ನ ಒಂದ ತಿಂಗಳ ಉಳದೈತಿ. ಖೈರುನಬಿಗೆ ಸಾಕ್ಷಿ ಬೇಕು. ನೋಡಿದಾಕಿ ನೀ ಒಬ್ಬಾಕೀನs."

ಅವತ್ತು ಸಂಜೆ ರಾಚವ್ವ ಗಂಡನ ಮುಂದೆಯೂ ಬಾಯಿ ಬಿಟ್ಟಳು.

"ಸಾವ್ಕಾರ್ರ ಮ್ಯಾಲ ಅರ್ಜಿ ಕೊಟ್ಟು ಈ ಊರಾಗ ಬಾಳೇ ಮಾಡಾಕ ಆಗತೈತೇನ?" ಎಂದು ಕೇಳಿದ ಅಂದಾನೆಪ್ಪ.

"ಜಾಲರಿ ಇಲ್ಲಂತ ಕಾರ್ಖಾನಿ ಇನ್ಸ್‌ಪೆಕ್ಟರಗೆ ಬರದು ತಿಳಿಸಿದರ, ತಿಳಿಸಿದವರ ಹೆಸರು ಅವರು ಹೊರಗ ಬಿಡೂಹಂಗಿಲ್ಲಂತ್ರಿ. ಅದೂ ಕಾಯ್ದೇನ ಅಂತ. ಖೈರುನ ಪರಿಹಾರಕ್ಕ ಮಾತ್ರ ನಾ ಎದ್ದ ನಿಂತು ಹೇಳಬೇಕಾಗತೈತಿ. ಹೇಳತೇನಿ."

"ಕೆಲಸಾ ಹೋದರ?"

"ಕೆಲಸಾ ಉಳೀಲಿ ಅಂತನ ಅವತ್ತ ಒತ್ತಿದ್ದೆ. ಉಳದು ಏನಾತ್ರಿ? ದಿನಾ ಆ ಜಾಗಾ ನೋಡಕೋತ ನಿಂತೀನಿ."

ಅಂದಾನೆಪ್ಪ ಮೀನಾಳ ಕಡೆ ನೋಡಿದ. ಅವಳು ಲಾಟೀನಿನ ಗಾಜು ಒರೆಸುತ್ತಿದ್ದಳು, ಬಲಗೈಯನ್ನು ಗಾಜಿನೊಳಗೆ ತೂರಿಸಿ. ಅವನು ಆ ಕೈಯಿಂದ ಕಣ್ಣು ಹೊರಳಿಸಿದ.

"ನನ್ನ ನಡುವಿನ ಸಲುವಾಗಿ ಒತ್ತಿದ್ದಿ," ಎಂದ. "ಹೋಗಿ ಬಾ."

ಐದನೆಯ ಸಲ ರಾಚವ್ವ ಬಸ್ಸು ಹತ್ತಿದಳು. ಮುನವಳ್ಳಿಯಲ್ಲಿ ಇಳಿದು ಗೌಸಸಾಬನ ಮನೆ ಕೇಳುತ್ತ ಹೋದಳು. ಅಂಗಳದಲ್ಲಿ ಖೈರುನಬಿ ಕೂತಿದ್ದಳು, ಮೊಣಕಾಲ ನಡುವೆ ಮೊರ ಸಿಕ್ಕಿಸಿಕೊಂಡು ಎಡಗೈಯಿಂದ ಜೋಳ ಆರಿಸುತ್ತ. ತೆಳ್ಳಗಾಗಿದ್ದಳು. ಬಲಗೈಯನ್ನು ಸೆರಗಿನೊಳಗೆ ಮುಚ್ಚಿದ್ದಳು.

ತಲೆ ಎತ್ತಿ ನೋಡಿದಳು. "ಇಷ್ಟ ದಿವಸಾ ಬೇಕಾತೇನ ರಾಚಕ್ಕಾ?" ಎಂದಳು. ಅಷ್ಟೇ.

ರಾಚವ್ವ ಅವಳ ಪಕ್ಕದಲ್ಲಿ ಕೂತಳು, ಮಿಲ್ಲಿನಲ್ಲಿ ನಿಲ್ಲುತ್ತಿದ್ದ ಹಾಗೆಯೇ ಬಲಕ್ಕೆ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಹೋಗಿ ಒಂದೇ ಉಳಿದಿತ್ತು.

"ನಾ ಹೆಬ್ಬಟ್ಟ ಒತ್ತೀನಿ ಖೈರೂ. ನಿಂದs ತಪ್ಪಂತ."

"ಗೊತ್ತೈತಿ. ದವಾಖಾನ್ಯಾಗ ಇದ್ದಾಗನ ಆ ಕಾಗದಾ ತಂದು ನನಗ ತೋರಿಸಿದರು."

"ಗೊತ್ತಿದ್ದೂ ಟೆಂಪೋ ಹತ್ತೂ ಮುಂದ ನಮ್ಮ ಮನೀ ಕಡೆ ನೋಡಿದಿ?"

"ಬರತೀಯೇನೋ ಅಂತ ನೋಡಿದೆ."

ಅಂಗಳದಲ್ಲಿ ಕೋಳಿಗಳು ಚೆಲ್ಲಿದ ಜೋಳಕ್ಕೆ ಬಂದವು. ಇಬ್ಬರೂ ಓಡಿಸಲಿಲ್ಲ.

ಗೌಸಸಾಬ ಒಳಗಿಂದ ಬಂದು, ರಾಚವ್ವನನ್ನು ನೋಡಿ ಮುಖ ಗಂಟು ಹಾಕಿದ. "ಈಗ ಯಾಕ ಬಂದೀರಿ ಅಕ್ಕಾ? ನಾ ಆವಾಗನ ಅರ್ಜಿ ಕೊಡೂಣಂದೆ. ಈಕಿ ಬ್ಯಾಡಂದಳು."

"ಯಾಕ ಬ್ಯಾಡಂದಿ?" ರಾಚವ್ವ ಖೈರುನಬಿಯ ಕಡೆ ತಿರುಗಿದಳು.

"ನಾ ಅರ್ಜಿ ಕೊಟ್ಟರ ನಿನ್ನ ಕರೀತಿದ್ದರು. ನೀ ಮತ್ತೊಮ್ಮೆ ಸುಳ್ಳ ಹೇಳಬೇಕಾಗತಿತ್ತು, ಇಲ್ಲಾ ಕೆಲಸಾ ಕಳಕೋಬೇಕಾಗತಿತ್ತು. ಎರಡೂ ನನಗ ಬ್ಯಾಡಾಗಿತ್ತು." ಎಡಗೈಯಿಂದ ಜೋಳ ಸರಿಸುತ್ತ ಖೈರುನಬಿ ಮತ್ತೆ ಅಂದಳು: "ಕೈ ಹೋದ ದುಃಖಾ ಒಂದ ನಮೂನಿ. ಮಧ್ಯಾಹ್ನ ಉಣ್ಣೂ ಹೊತ್ತಿಗೆ ಯಾರೂ ಬಾಜೂಕ ಇರೂದಿಲ್ಲಲ್ಲಾ, ಅದು ಬ್ಯಾರೆ."

ರಾಚವ್ವ ಅವಳ ಬಲಗೈಯ ಮೇಲಿನ ಸೆರಗು ಸರಿಸಿದಳು. ಎರಡು ವರ್ಷದ ಹಿಂದೆ ತಾನೇ ವಸ್ತ್ರ ಸುತ್ತಿದ ಕೈ. ಅದನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು.

"ಮೀನಾನ್ನ ಆ ಮಶೀನಕ್ಕ ಕರದಾರ," ಎಂದಳು.

ಖೈರುನಬಿ ಗಾಬರಿಯಿಂದ ನೋಡಿದಳು. ಅವಳು ಎತ್ತಿ ಆಡಿಸಿದ್ದ ಹುಡುಗಿ ಮೀನಾ. "ಬ್ಯಾಡ! ಕಳಸಬ್ಯಾಡ ರಾಚಕ್ಕಾ." ಆಮೇಲೆ ಅಣ್ಣನ ಕಡೆ ತಿರುಗಿ, "ಭಾಯಿ, ಅರ್ಜಿ ಬರಸೂಣ," ಎಂದಳು.

ಅದೇ ವಾರ ಪದ್ಮವ್ವ, ಖೈರುನಬಿ, ಗೌಸಸಾಬ, ರಾಚವ್ವ ನಾಲ್ವರೂ ಬೆಳಗಾವಿಗೆ ಹೋದರು. ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಪರಿಹಾರದ ಅರ್ಜಿ ಕೊಟ್ಟರು. ಮಿಲ್ಲಿನಲ್ಲಿ ಜಾಲರಿ ಇಲ್ಲ, ಧೂಳು ಹೋಗಲು ದಾರಿಯಿಲ್ಲ ಎಂದು ಕಾರ್ಖಾನೆಗಳ ಇನ್ಸ್‌ಪೆಕ್ಟರರಿಗೆ ಬೇರೆ ಪತ್ರ ಬರೆದರು.

ಹದಿನೈದು ದಿನದೊಳಗೆ ಇನ್ಸ್‌ಪೆಕ್ಟರು ಮಿಲ್ಲಿಗೆ ಬಂದರು. ಪಟ್ಟಾದ ಮುಂದೆ ನಿಂತು, "ಇದಕ್ಕೆ ತಡೆ ಎಲ್ಲಿ?" ಎಂದು ಕೇಳಿದರು. ಮುಕಾದಮ ಮಾಲಕರ ಮುಖ ನೋಡಿದ. ಮಾಲಕರು ನೆಲ ನೋಡಿದರು. ಇಲ್ಲಿ ಒಬ್ಬ ಹೆಂಗಸಿನ ಕೈ ಹೋದದ್ದನ್ನು ಇಲಾಖೆಗೆ ಯಾಕೆ ತಿಳಿಸಲಿಲ್ಲ ಎಂದೂ ಇನ್ಸ್‌ಪೆಕ್ಟರು ಕೇಳಿದರು. ದೂರು ಕೊಟ್ಟವರು ಯಾರೆಂದು ಮಾಲಕರು ಎರಡು ಸಲ ಕೇಳಿದರು.

"ಅದನ್ನು ನಾನು ಹೇಳುವಂತಿಲ್ಲ. ಜಾಲರಿ ಇಲ್ಲದಿರುವುದು ನನ್ನ ಕಣ್ಣಿಗೇ ಕಾಣುತ್ತಿದೆ," ಎಂದರು ಇನ್ಸ್‌ಪೆಕ್ಟರು.

ಪಟ್ಟಾಗಳಿಗೆ ಕಬ್ಬಿಣದ ಜಾಲರಿ ಬಂತು. ಧೂಳು ಹೊರಗೆಳೆಯುವ ಫ್ಯಾನು ಕೂಡಿಸಿದರು. ಗೋಡೆಗೆ ಔಷಧದ ಪೆಟ್ಟಿಗೆ ತೂಗುಹಾಕಿದರು. ಅರಳೆ ಸುತ್ತಿಕೊಂಡರೆ ಮೊದಲು ಮಶೀನು ನಿಲ್ಲಿಸಬೇಕೆಂದು ಕಟ್ಟಪ್ಪಣೆಯಾಯಿತು. ಅದೆಲ್ಲ ಆದ ಮೇಲೆಯೇ ಮೀನಾ ಅವ್ವನ ಎಡಕ್ಕೆ ಬಂದು ನಿಂತಳು.

ಪರಿಹಾರದ ವಿಚಾರಣೆಗೆ ಮಾತ್ರ ದಿನ ಹಿಡಿಯಿತು. ಬೆಳಗಾವಿಯ ಕಚೇರಿಯಲ್ಲಿ ಸಾಕ್ಷಿ ಹೇಳಲು ರಾಚವ್ವನ ಸರದಿ ಬಂದಾಗ ಮಾಲಕರ ವಕೀಲರು ಹಳೆಯ ಕಾಗದ ಎತ್ತಿ ಹಿಡಿದರು. "ಇದು ನಿನ್ನ ಹೆಬ್ಬೆಟ್ಟು ಹೌದೋ ಅಲ್ಲೋ?"

"ಹೌದ್ರಿ. ನಂದs. ಆದರ ಅದರಾಗ ಬರದದ್ದು ಸುಳ್ಳ ಐತ್ರಿ," ಎಂದಳು ರಾಚವ್ವ. ಗಡಿಯಾರದ ಸಂಗತಿಯನ್ನೂ ಹೇಳಿದಳು. ಹೊರಗೆ ಅಂದಾನೆಪ್ಪ ಹೆಂಡತಿಯ ಚಪ್ಪಲಿ ಕಾಯುತ್ತ ನಿಂತಿದ್ದ. ಅವತ್ತು ಅವನು ತಾನಾಗಿಯೇ ಹಮಾಲಿ ಬಿಟ್ಟು ಬಂದಿದ್ದ.

ರಾಚವ್ವನನ್ನು ಕೆಲಸದಿಂದ ತೆಗೆಯುವ ಮಾತು ಮುಕಾದಮನ ಬಾಯಲ್ಲಿ ಒಮ್ಮೆ ಬಂತು. ಅವತ್ತು ಮಧ್ಯಾಹ್ನ ಊಟಕ್ಕೆ ಎದ್ದ ಹೆಂಗಸರು ಯಾರೂ ತಿರುಗಿ ಮಶೀನಿಗೆ ಹೋಗಲಿಲ್ಲ. ಬೇವಿನ ಗಿಡದ ಕೆಳಗೆ ಸುಮ್ಮನೆ ಕೂತರು. ಆ ಮಾತು ಮತ್ತೆ ಬರಲಿಲ್ಲ.

ಕೊನೆಗೆ ಖೈರುನಬಿಗೆ ಪರಿಹಾರ ಕೊಡಬೇಕೆಂದು ಆದೇಶವಾಯಿತು. ಅವಳು ಅಣ್ಣನ ಮನೆಯ ಮುಂದೆ ಸಣ್ಣ ಕಿರಾಣಿ ಅಂಗಡಿ ಹಾಕಿದಳು. ತಿರುಗಿ ಬೈಲಹೊಂಗಲಕ್ಕೆ ಬಾ ಎಂದು ರಾಚವ್ವ ಎಷ್ಟೋ ಸಲ ಕರೆದಳು. "ಬರಬೇಕಂತ ಆಸೆ ಐತಿ. ಆದರ ಬಂದು ಮಾಡೂದೇನ ರಾಚಕ್ಕಾ? ಮಿಲ್ಲಿಗೆ ಎರಡ ಕೈ ಬೇಕು," ಎಂದಳು ಖೈರುನಬಿ. ಈಗ ತಿಂಗಳಿಗೊಮ್ಮೆ ರಾಚವ್ವನೇ ಹೋಗುತ್ತಾಳೆ. ಸಂಜೆಯ ಬಸ್ಸು ಹತ್ತಿಸಲು ಖೈರುನಬಿ ಜೊತೆಗೇ ನಡೆದು ಬರುತ್ತಾಳೆ.

ಮರುವರ್ಷದ ಸುಗ್ಗಿಯಲ್ಲಿ ಖೈರುನಬಿ ಒಂದು ದಿನ ಮೀನಾಳನ್ನು ನೋಡಲೆಂದು ಮಿಲ್ಲಿಗೆ ಬಂದಳು. ಊಟದ ಬಿಡುವು, ಯಂತ್ರಗಳು ನಿಂತಿದ್ದವು. ಕೊನೆಯ ಯಂತ್ರದ ಹಿಂದೆ ಹೋಗಿ ನಿಂತಳು. ಎಡಗೈ ಚಾಚಿ ಜಾಲರಿ ಮುಟ್ಟಿ ನೋಡಿದಳು. ಅಲುಗಾಡಿಸಿ ನೋಡಿದಳು. ಗಟ್ಟಿಯಾಗಿತ್ತು.

"ಇದನ್ನ ಮಾಡಾಕ ಎಷ್ಟ ದಿವಸಾ ಹಿಡೀತು?" ಎಂದು ಕೇಳಿದಳು.

ರಾಚವ್ವ ಹೇಳಲೋ ಬೇಡವೋ ಎಂದು ತಡೆದಳು. "ಫಿಟರ್ ಬಂದು ಅರ್ಧಾ ದಿವಸದಾಗ ಕೂಡಿಸಿ ಹ್ವಾದ."

"ಅರ್ಧಾ ದಿವಸಾ," ಎಂದಳು ಖೈರುನಬಿ.

ಬಹಳ ಹೊತ್ತು ಅಲ್ಲೇ ನಿಂತಿದ್ದಳು.

ಅಕ್ಕಂದಿರೇ, ಅಣ್ಣಂದಿರೇ, ನೀವು ದುಡಿಯುವ ಜಾಗವನ್ನು ನಾಳೆ ಒಮ್ಮೆ ಕಣ್ಣು ಬಿಟ್ಟು ನೋಡಿ. ತಿರುಗುವ ಚಕ್ರಕ್ಕೆ ಜಾಲರಿ ಇದೆಯೇ? ಔಷಧದ ಪೆಟ್ಟಿಗೆ ಎಲ್ಲಿದೆ? ಓಡುವ ಯಂತ್ರದಲ್ಲಿ ಕೈ ಹಾಕು ಎಂದು ನಿಮಗೆ ಯಾರಾದರೂ ಹೇಳುತ್ತಾರೆಯೇ? ಇದನ್ನೆಲ್ಲ ಸರಿ ಇಡುವುದು ಮಾಲಕರ ಮೇಲೆ ಕಾಯ್ದೆ ಹೊರಿಸಿದ ಹೊಣೆ. ಅದನ್ನು ಕೇಳುವುದು ನಿಮ್ಮ ಹಕ್ಕು. ಒಬ್ಬರೇ ಕೇಳಲು ಅಂಜಿಕೆಯಾದರೆ ನಾಲ್ಕು ಜನ ಕೂಡಿ ಕೇಳಿ. ಆಗಲೂ ಆಗದಿದ್ದರೆ ಕಾರ್ಖಾನೆಗಳ ಇನ್ಸ್‌ಪೆಕ್ಟರರಿಗೆ ಒಂದು ಪತ್ರ ಬರೆಯಿರಿ, ನಿಮ್ಮ ಹೆಸರು ಗುಟ್ಟಾಗಿ ಉಳಿಯುತ್ತದೆ. ಅಪಘಾತವಾದರೆ ದಿನ ದೂಡಬೇಡಿ, ಎರಡು ವರ್ಷದೊಳಗೆ ಪರಿಹಾರಕ್ಕೆ ಅರ್ಜಿ ಕೊಡಿ. ನೋಡಿದವರು ನೋಡಿದ್ದನ್ನೇ ಹೇಳಿ, ಸುಳ್ಳಿಗೆ ಹೆಬ್ಬೆಟ್ಟು ಒತ್ತಬೇಡಿ.

ಮಾಲಕರೇ, ನಿಮಗೂ ಒಂದು ಮಾತು. ಆ ಅರ್ಧ ದಿನದ ಕೆಲಸವನ್ನು ಇವತ್ತೇ ಮಾಡಿಸಿ.